ಹೊರಗಿನ ಬೆಂಚು

ಮಾರ್ಚ್ 2, ಭಾನುವಾರ

ಪ್ರೊಜೆಕ್ಟರ್ ಮತ್ತೆ ಕೈಕೊಟ್ಟಿತು. ಎರಡನೇ ಫೋಟೋಗೇ ಪರದೆ ಕಪ್ಪು. ವೈರು ಅಲ್ಲಾಡಿಸಿ, ತಟ್ಟಿ, ಬೈದು (ಬಾಯೊಳಗೇ, ಚರ್ಚಿನಲ್ಲಿ ಕೂತಿದ್ದೆನಲ್ಲ) ಸರಿಮಾಡಿದೆ. ಅಷ್ಟರಲ್ಲಿ ಇವರು ದೋಣಿ ಮಗುಚಿದ ಕಥೆ ಶುರು ಹಚ್ಚಿಕೊಂಡಿದ್ದರು. ರಜೆಗೆ ಬಂದ ಹೊಸತರಲ್ಲಿ ಅಲೆ ಸೊಂಟದ ಎತ್ತರ ಇತ್ತು. ಇವತ್ತು ಎರಡು ಆಳೆತ್ತರ. ಹೀಗೇ ಹೋದರೆ ಮುಂದಿನ ಚರ್ಚಿನಲ್ಲಿ ನಮ್ಮನ್ನೆಲ್ಲ ತಿಮಿಂಗಿಲ ನುಂಗಿರುತ್ತದೆ.

ನಾಲ್ಕು ವರ್ಷ ಸಮುದ್ರದಾಚೆ ಮಿಷನರಿ ಸೇವೆ, ಒಂದು ವರ್ಷ ಇಲ್ಲಿ ರಜೆ. ರಜೆ ಅಂತ ಹೆಸರಿಗೆ. ಭಾನುವಾರಕ್ಕೊಂದು ಚರ್ಚು. ಇವರು ಮಾತಾಡುವುದು, ನಾನು ಫೋಟೋ ಬದಲಾಯಿಸುವುದು, ಮಗಳು ಮರಿ ಅಲ್ಲಿನ ಭಾಷೆಯಲ್ಲಿ ಒಂದು ಹಾಡು ಹೇಳುವುದು. ಹದಿನಾಲ್ಕು ತುಂಬಿದ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸುತ್ತಾರೆ! ಹಾಡಿ ಇಳಿದು ನನ್ನ ಪಕ್ಕ ಕೂತು ಕಿವಿಯಲ್ಲಿ, "ಅಮ್ಮ, ಇನ್ನೊಂದು ಸಲ ಸ್ಟೂಲ್ ಹತ್ತಿಸಿದ್ರೆ ಯಾರನ್ನಾದ್ರೂ ಕಚ್ಚಿಬಿಡ್ತೀನಿ" ಅಂದಳು. ನಗು ತಡೆಯಲು ಕೆಮ್ಮಬೇಕಾಯಿತು.

ಎಲ್ಲ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ಯಜಮಾನ್ರು ಎಷ್ಟು ಕಷ್ಟ ಪಡ್ತಾರಮ್ಮ. ನೀವೂ ಅಲ್ಲೇ ಇರ್ತೀರಾ, ಇಲ್ಲಾ ಇಲ್ಲೇನಾ?"

ಅಲ್ಲೇ ಇರ್ತೀನಜ್ಜಿ, ಅಂದೆ. ಒಂದು ಫೋಟೋದಲ್ಲೂ ನಾನಿಲ್ಲ, ಪಾಪ ಅವರಿಗೇನು ಗೊತ್ತು. ತೆಗೆಯುವವಳು ನಾನೇ ತಾನೆ. ನದಿ ದಂಡೆಯ ಆ ದವಾಖಾನೆಯಲ್ಲಿ ಹೆರಿಗೆ ಮಾಡಿಸುವವಳೂ ನಾನೇ. ಇವರದು ಪ್ರಾರ್ಥನೆ, ಶಾಲೆ, ದೋಣಿ.

ಜೂನ್ ಒಂದಕ್ಕೆ ದವಾಖಾನೆ ಬಾಗಿಲು ತೆರೆಯಬೇಕು. ನೋಡನೋಡುತ್ತ ಬಂದುಬಿಡುತ್ತದೆ.

ಮಾರ್ಚ್ 4, ಮಂಗಳವಾರ

ಟ್ರಂಕು ತುಂಬುವ ಕೆಲಸ. ಒಂದರಲ್ಲಿ ಗ್ಲೌಸು, ಹೊಲಿಗೆ ದಾರ, ಹೊಕ್ಕುಳಬಳ್ಳಿಯ ಕ್ಲಿಪ್ಪು. ಇನ್ನೊಂದರಲ್ಲಿ ಮರಿಯ ಮುಂದಿನ ನಾಲ್ಕು ವರ್ಷ! ಬಟ್ಟೆ, ಶೂ, ಒಳಉಡುಪು ಎಲ್ಲ. ಅಲ್ಲಿ ಸಿಗುವುದಿಲ್ಲ, ಅಂದಾಜಿನ ಮೇಲೆ ಈಗಲೇ ಕೊಳ್ಳಬೇಕು. ಹದಿನೆಂಟಕ್ಕೆ ಎಷ್ಟು ಎತ್ತರ ಆಗಿರುತ್ತಾಳೆ? ಕಳೆದ ಸಲ ಅಂದಾಜು ತಪ್ಪಿ, ಕೊನೆಯ ವರ್ಷವೆಲ್ಲ ಅಪ್ಪನ ಶೂ ಒಳಗೆ ಬಟ್ಟೆ ತುರುಕಿಕೊಂಡು ಓಡಾಡಿದಳು.

ಈ ಸಲ ಅಕ್ಕ ಅಂಗಡಿಯಿಂದ ಟೇಪು ತಂದು ಅವಳನ್ನು ಗೋಡೆಗೆ ಒರಗಿಸಿ ಅಳೆದಳು. ಅಕ್ಕನದು ಕೆಳಗೆ ಟೈಲರಿಂಗ್ ಅಂಗಡಿ, ಶಾಲೆ ಮಕ್ಕಳ ಯೂನಿಫಾರ್ಮು. ನಾವಿರುವುದು ಅವಳ ಮೇಲಿನ ಎರಡು ಕೋಣೆಗಳಲ್ಲಿ. ಅಳೆಯುತ್ತ ಅಳೆಯುತ್ತ ಗೊಣಗಾಟ.

"ಯಾಕೇ ಜಗಮೊಂಡಿ, ಇಲ್ಲೇನು ಮಕ್ಕಳು ಹುಟ್ಟಲ್ವಾ?"

"ಇಲ್ಲಿ ಹುಟ್ಟೋಕೆ ಬೀದಿಗೊಂದು ಆಸ್ಪತ್ರೆ ಇದೆಯಲ್ಲೇ ಅಕ್ಕ."

"ಇದೆ. ಹಂಗಂತ ನೀನು ಕಾಲಿಗೆ ಚಕ್ರ ಕಟ್ಕೊಂಡು ತಿರುಗು." ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬೈಯುವುದು ಅವಳಿಗೊಬ್ಬಳಿಗೇ ಸಾಧ್ಯ.

ಶುಕ್ರವಾರ ಮೆಡಿಕಲ್. ಏಪ್ರಿಲ್‌ನಲ್ಲಿ ನಮ್ಮನ್ನು ಕಳಿಸುವ ಮಿಷನ್ ಬೋರ್ಡಿನ ಸಂದರ್ಶನ. ಎರಡೂ ಹೆಸರಿಗೆ. ಬೋರ್ಡಿನ ಪದ್ಧತಿ ಗೊತ್ತಿದ್ದದ್ದೇ. ಗಂಡನನ್ನು ಒಳಗೆ ಕರೆದು ಗಂಟೆಗಟ್ಟಲೆ ಮಾತಾಡಿಸುತ್ತಾರೆ, ಹೆಂಡತಿ ಹೊರಗಿನ ಬೆಂಚಿನ ಮೇಲೆ. ಕೊನೆಗೆ ಸೆಕ್ರೆಟರಿ ಸಾಹೇಬರು ಬಾಗಿಲು ಅರ್ಧ ತೆರೆದು, ತಲೆಯಷ್ಟೇ ಹೊರಗೆ ಹಾಕಿ ಕೇಳುತ್ತಾರೆ. "ನಿಮಗೂ ಒಪ್ಪಿಗೆ ತಾನೆ ಅಮ್ಮ?" ಹೌದು ಸಾರ್. ಬಾಗಿಲು ಮುಚ್ಚಿತು. ಮೂರು ಸಲ ನನ್ನನ್ನು ಹೀಗೇ ಸಮುದ್ರ ದಾಟಿಸಿದ್ದಾರೆ. ಈ ಸಲ ಹೆಣಿಗೆಯಾದರೂ ಒಯ್ಯಬೇಕು.

ಮಾರ್ಚ್ 7, ಶುಕ್ರವಾರ

ನನ್ನದು, ಮರಿಯದು ಸರಿಯಿದೆ. ಇವರನ್ನು ಟ್ರೆಡ್‌ಮಿಲ್ ಹತ್ತಿಸಿದರು. "ಎಷ್ಟು ನಡೆದ್ರೂ ಊರು ಬರ್ತಾನೇ ಇಲ್ವಲ್ರೀ" ಎಂದು ಟೆಕ್ನೀಷಿಯನ್ ಹತ್ತಿರ ತಮಾಷೆ. ಅವನು ನಗಲಿಲ್ಲ. ಇಸಿಜಿ ಕಾಗದದ ಪಟ್ಟಿ ನೋಡುತ್ತಿದ್ದ. ನಾನೂ ನೋಡಿದೆ. ನರ್ಸ್ ಆಗಿ ಇಷ್ಟು ವರ್ಷ ದುಡಿದದ್ದು ಸುಮ್ಮನೇನಾ... ಗೆರೆ ಕೆಳಗಿಳಿದದ್ದು ಕಂಡಿತು.

ಮೆಷಿನ್ ನಿಲ್ಲಿಸಿಬಿಟ್ಟರು. ಇವರು ಕೇಳಿದರು, "ಯಾಕೆ, ಕರೆಂಟ್ ಹೋಯ್ತಾ?"

ಮಾರ್ಚ್ 8

ಬರೆಯಲು ಮನಸ್ಸಿಲ್ಲ.

ಮಾರ್ಚ್ 13, ಗುರುವಾರ

ಸ್ಟೆಂಟ್ ಹಾಕಿದ್ದಾರೆ. ಚೆನ್ನಾಗಿದ್ದಾರೆ. ಪಕ್ಕದ ಮಂಚದವರಿಗೆ ದೋಣಿ ಕಥೆ ಹೇಳುವಷ್ಟು ಚೆನ್ನಾಗಿದ್ದಾರೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಒಂದು ರಕ್ತನಾಳಕ್ಕಷ್ಟೇ ಆಯಿತು, ಇನ್ನೊಂದನ್ನು ಕಾದು ನೋಡಬೇಕು. ಒಂದು ವರ್ಷವಂತೂ ಗಂಟೆಯೊಳಗೆ ದೊಡ್ಡ ಆಸ್ಪತ್ರೆ ಮುಟ್ಟುವ ಹಾಗಿರಬೇಕು.

"ನೀವಿರೋ ಕಡೆಯಿಂದ ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ?"

"ದೋಣಿಯಲ್ಲಿ ಒಂದು ದಿನ."

"ಹಾಗಾದ್ರೆ ಆ ಮಾತು ಬಿಟ್ಬಿಡಿ ಸಿಸ್ಟರ್."

ಜೀವ ಉಳಿಯಿತಲ್ಲ ದೇವರೇ, ನಿನ್ನ ಕಾಲಿಗೆ ಬಿದ್ದೆ. ಈ ಸಾಲು ಬರೆದು ಮತ್ತೊಂದನ್ನೂ ಬರೆಯಬೇಕು, ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ. ಇವರ ಮಂಚದ ಪಕ್ಕ ಕೂತು ನನಗೆ ಅಳು ಬಂದದ್ದು ಅರ್ಧ ಇವರಿಗಾಗಿ, ಇನ್ನರ್ಧ ದವಾಖಾನೆಗಾಗಿ.

ಮಾರ್ಚ್ 19, ಬುಧವಾರ

ಸೆಕ್ರೆಟರಿ ಸಾಹೇಬರು ಮನೆಗೆ ಬಂದಿದ್ದರು. ಬಿಸ್ಕತ್ತಿನ ಪೊಟ್ಟಣ ಸಮೇತ. ನಾನು ಚಹಾ ತಂದಾಗ ಮಾತು ನಿಂತಿತು. ಹೊರಗೆ ಬಂದೆ, ಶುರುವಾಯಿತು. ಸಕ್ಕರೆ ಡಬ್ಬ ಹಿಡಿದು ಮತ್ತೆ ಹೋದೆ, ಮತ್ತೆ ನಿಂತಿತು. ಡಬ್ಬ ಹಿಡಿದು ಅಲ್ಲೇ ಕೂತುಬಿಟ್ಟೆ.

ಕುಟುಂಬದ ವಾಪಸಾತಿ ರದ್ದಂತೆ. ಇವರಿಗೆ ಆಫೀಸಿನಲ್ಲೇ ಏನಾದರೂ ಕೆಲಸ ನೋಡುತ್ತಾರಂತೆ.

"ದವಾಖಾನೆ ಸಾರ್? ಅದನ್ನ ಯಾರು ನೋಡ್ಕೋತಾರೆ?"

"ದೇವರಿದ್ದಾನಲ್ಲಮ್ಮ."

"ಇದ್ದಾನೆ ಸಾರ್. ಆದ್ರೆ ಆತ ಗ್ಲೌಸ್ ಹಾಕ್ಕೊಂಡಿದ್ದನ್ನ ನಾನು ಇವತ್ತಿನವರೆಗೂ ನೋಡಿಲ್ಲ."

ಇವರಿಗೆ ಚಹಾ ನೆತ್ತಿಗೇರಿತು. ಸೆಕ್ರೆಟರಿ ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಸೇವಕರೇ ಹೋಗದ ಮೇಲೆ ಕುಟುಂಬ ಹೋಗಿ ಏನು ಮಾಡೋದಮ್ಮ" ಅಂದರು.

ಕುಟುಂಬ! ಮೈಯೆಲ್ಲ ಉರಿದುಹೋಯಿತು. ಅವರು ಹೋದ ಮೇಲೆ ಲೋಟ ತೊಳೆಯುತ್ತಿದ್ದೆನೋ ಒಡೆಯುತ್ತಿದ್ದೆನೋ, ಅಕ್ಕ ಕೆಳಗಿನಿಂದ ಕೂಗಿದಳು.

ಮಾರ್ಚ್ 21, ಶುಕ್ರವಾರ

ಅಲ್ಲಿಂದ ಫೋನಿಗೆ ಧ್ವನಿ ಸಂದೇಶ. ದವಾಖಾನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿರುವ ನನ್ನ ಗೆಳತಿಯದು. ಮರಿ ಅವಳಿಗೆ ಇಟ್ಟ ಹೆಸರು ಕೀಲಿಯಮ್ಮ. ನನ್ನ ಜೊತೆ ದುಡಿದು ಕೆಲಸವೆಲ್ಲ ಬಲ್ಲಳು, ಆದರೆ ರಿಜಿಸ್ಟರ್ ಆದ ನರ್ಸ್ ಇಲ್ಲದೆ ಬಾಗಿಲು ತೆರೆಯುವಂತಿಲ್ಲ, ಅಲ್ಲಿನ ಕಾನೂನು. ಜೂನ್ ಒಂದಕ್ಕೂ ತೆರೆಯದಿದ್ದರೆ ಕಟ್ಟಡವನ್ನು ಸರ್ಕಾರ ಗೋದಾಮಿಗೆ ಕೊಡುತ್ತದಂತೆ. ಅಳೆದುಕೊಂಡು ಹೋಗಿದ್ದಾರಂತೆ.

ಇನ್ನೊಂದು ಸುದ್ದಿ. ಹೋದ ವಾರ ಮೇಲಿನ ಹಳ್ಳಿಯಿಂದ ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳನ್ನು ದೋಣಿಯಲ್ಲಿ ತಂದಿದ್ದಾರೆ. ಬಾಗಿಲಿಗೆ ಬೀಗ. ಅದೇ ದೋಣಿಯಲ್ಲಿ ಪಟ್ಟಣಕ್ಕೆ ಸಾಗಿಸಿದ್ದಾರೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

"ಹೊರಗೆ ನಿಂತು ಕೀಲಿ ಕೈಲಿ ಹಿಡ್ಕೊಂಡಿದ್ದೆ ಕಣಕ್ಕ" ಎಂದು ಅವಳು ಅಳುವುದು ಕೇಳಿಸಿತು. ಮರಿಯೂ ಕೇಳಿಸಿಕೊಂಡಳು. ಅದು ಅವಳ ಹುಟ್ಟೂರಿನ ಭಾಷೆ, ಮರೆಮಾಚುವುದು ಹೇಗೆ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಹೇಳಿಬಿಟ್ಟೆ.

"ನಾನು ಹೋಗ್ತೀನ್ರೀ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ದವಾಖಾನೆಗೆ. ನನ್ನ ಹೃದಯ ನೆಟ್ಟಗಿದೆಯಲ್ಲ."

ಇವರು ದಿಂಬಿಗೆ ಒರಗಿದ್ದವರು ಎದ್ದು ಕೂತರು. "ನನ್ನ ಬಿಟ್ಟು?"

"ಬಿಟ್ಟಲ್ಲ. ಒಂದು ವರ್ಷ ಇಲ್ಲಿರಿಸಿ."

"ಎರಡೂ ಒಂದೇ ಕಣೇ." ಆಮೇಲೆ, ತೀರ ಮೆಲ್ಲಗೆ, "ನಾನು ಸತ್ತುಹೋದ್ರೆ?"

ನನಗೆ ಕೋಪ ಬಂದರೆ ಬಾಯಿಗೂ ತಲೆಗೂ ಸಂಬಂಧ ಇರುವುದಿಲ್ಲ. "ನಾನು ಪಕ್ಕದಲ್ಲಿ ಕೂತಿದ್ರೆ ಸಾಯಲ್ವಾ?" ಅಂದುಬಿಟ್ಟೆ.

ನಾಲಿಗೆ ಕಚ್ಚಿಕೊಂಡೆ. ಆಡಿ ಆಗಿತ್ತು. ಗೋಡೆ ಕಡೆ ತಿರುಗಿ ಮಲಗಿದರು. ಮಾತ್ರೆ ಕೊಟ್ಟರೆ ಕೈ ಚಾಚಿ ತೆಗೆದುಕೊಂಡರು, ಮುಖ ತಿರುಗಿಸಲಿಲ್ಲ.

ಆದರೂ ಹೋಗುತ್ತೇನೆ.

ಏಪ್ರಿಲ್ 1, ಮಂಗಳವಾರ

ಇಷ್ಟು ದಿನವೂ ಮೌನ. ಮರಿಯೇ ನಡುವೆ ಅಂಚೆಯವಳು. "ಅಪ್ಪಂಗೆ ಉಪ್ಪು ಜಾಸ್ತಿ ಆಯ್ತಂತೆ." "ಉಪ್ಪೇ ಹಾಕಿಲ್ಲ ಅಂತ ಹೇಳು ನಿಮ್ಮಪ್ಪಂಗೆ."

ಇವತ್ತು ಬೆಳಿಗ್ಗೆ ಬಂದು ಮೇಜಿನ ಆಚೆ ಕುರ್ಚಿ ಎಳೆದುಕೊಂಡು ಕೂತರು.

"ಮುಖ ಊದಿಸ್ಕೊಂಡಿದ್ದು ಸಾಕಾಯ್ತು, ದವಡೆ ನೋಯ್ತಿದೆ. ಹೇಳು, ಬೋರ್ಡ್ ಮುಂದೆ ಏನ್ ಮಾತಾಡ್ತೀಯ?"

ಗೊತ್ತಿಲ್ಲ ಅಂದೆ. ನಾನು ಯಾವತ್ತು ಒಳಗೆ ಹೋಗಿದ್ದೆ?

"ಹಾಗಾದ್ರೆ ಈಗ ನಾನೇ ಅಧ್ಯಕ್ಷ." ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಟಲು ಸರಿಮಾಡಿಕೊಂಡು, ಥೇಟ್ ಅವರದೇ ಧಾಟಿ. "ಏನಮ್ಮ, ಹೆಣ್ಣುಮಗಳು ಒಬ್ಬಳೇ, ನದಿ ದಂಡೆ, ಹಿಂದೆ ಕಾಡು... ಭದ್ರತೆ ಏನು?"

"ಮುಂಚೆ ಭದ್ರತೆ ಏನಿತ್ತು ಸಾರ್? ನಮ್ಮನೆಯವರು ಕಪ್ಪೆ ಕಂಡ್ರೂ ಮಂಚ ಹತ್ತೋರು."

"ಅದನ್ನ ಹೇಳ್ಬೇಡ್ವೇ, ನನ್ನ ಮಾನ ಹೋಗುತ್ತೆ!"

ನಕ್ಕೆವು. ಎಷ್ಟು ದಿನವಾಗಿತ್ತು. ಒಂದರ ಹಿಂದೊಂದು ಪ್ರಶ್ನೆ, ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಆಮೇಲೆ ಕೇಳಿದರು, "ನಿಮಗೆ ದೇವರ ಕರೆ ಬಂದದ್ದು ಯಾವಾಗ?"

"ಇವರಿಗೆ ಬಂದಾಗ..." ಎಂದು ಶುರು ಮಾಡಿದೆ.

ಕನ್ನಡಕ ತೆಗೆದು ಕೆಳಗಿಟ್ಟರು. "ಅದಲ್ಲ ಕಣೇ. ನಿಂದು ಹೇಳು."

ಯಾರೂ ಕೇಳಿರಲಿಲ್ಲ. ಹೇಳಿದೆ. ಹೋದ ಹೊಸತು, ಎರಡನೇ ತಿಂಗಳು. ಕಾಲು ಮೊದಲು ಬಂದ ಮಗು. ಪುಸ್ತಕದಲ್ಲಿ ಓದಿದ್ದೆ, ಮಾಡಿರಲಿಲ್ಲ. ಕೈ ತಂತಾನೇ ಕೆಲಸ ಮಾಡಿತು. ಮಗು ಅತ್ತಿತು, ತಾಯಿ ನನ್ನ ಕೂದಲು ಹಿಡಿದು ಜಗ್ಗಿ ಮುತ್ತು ಕೊಟ್ಟಳು. ಅಲ್ಲಿಯವರೆಗೆ ಗಂಡನ ಹಿಂದೆ ಬಂದವಳು ನಾನು. ಆ ಗಳಿಗೆಯಿಂದ ಅಲ್ಲ.

ಇವರು ಕನ್ನಡಕ ಮಡಚಿ ಪಕ್ಕಕ್ಕೆ ಸರಿಸಿದರು. "ಆವತ್ತು ನಾನೆಲ್ಲಿದ್ದೆ?"

"ದೋಣಿ ರಿಪೇರಿ ಮಾಡ್ತಿದ್ರಿ."

"ನಂಗೆ ಹೇಳಲೇ ಇಲ್ವಲ್ಲೇ."

"ನೀವು ಊಟಕ್ಕೆ ಬಂದಾಗ ಇಂಜಿನ್ ವಿಷಯ ಮಾತಾಡ್ತಿದ್ರಿ."

ಏಪ್ರಿಲ್ 8, ಮಂಗಳವಾರ

ಬೋರ್ಡಿನ ಆಫೀಸಿಗೆ ಹೋದೆ, ಒಬ್ಬಳೇ. ಹದಿನಾರನೇ ತಾರೀಕಿನ ಬೋರ್ಡ್ ಸಭೆಯಲ್ಲಿ ನನಗೆ ಸಮಯ ಕೊಡಿ ಎಂದೆ. ಸೆಕ್ರೆಟರಿ ಸಾಹೇಬರು ಕಪಾಟು ತೆರೆದು, ಇವರ ಫೈಲು ತೆಗೆದು, ಮತ್ತೆ ಕಪಾಟಿನೊಳಗೆ ಕೈ ಹಾಕಿ ತಡಕಾಡಿದರು.

"ನಿಮ್ಮದು ಅಂತ ಫೈಲೇ ಇಲ್ವಲ್ಲಮ್ಮ."

"ಇಷ್ಟು ವರ್ಷದ ಕೆಲಸ?"

"ಎಲ್ಲಾ ನಿಮ್ಮ ಯಜಮಾನ್ರ ವರದಿಯೊಳಗೇ ಇದೆ. 'ದವಾಖಾನೆಯ ಕೆಲಸವೂ ಸುಗಮವಾಗಿ ನಡೆಯಿತು' ಅಂತ. ಪ್ರತಿ ವರ್ಷ ಬರೆದಿದ್ದಾರೆ ನೋಡಿ."

ಸುಗಮವಾಗಿ ನಡೆಯಿತಂತೆ! ಅದಕ್ಕೇನು ಕಾಲಿತ್ತಾ ತಾನಾಗಿಯೇ ನಡೆಯಲು?

"ಇವತ್ತೇ ಒಂದು ತೆರೀರಿ ಸಾರ್. ನಾನು ಕಾಯ್ತೀನಿ."

ಊಟದ ಹೊತ್ತಾಯಿತು ಅಂದರು. ಕೂತೆ. ಕ್ಲಾರ್ಕ್ ಹುಡುಗಿ ಇಲ್ಲ ಅಂದರು. ಕೂತೆ. ಕೊನೆಗೆ ಅವರೇ ಒಂದು ಹೊಸ ರಟ್ಟು ತೆಗೆದು, ಮಡಚಿ, ಮೇಲೆ ಹೆಸರು ಬರೆದರು. ನೋಡಿದರೆ ಮೊದಲು "ಶ್ರೀಮತಿ" ಅಂತ ಬರೆದು ಇವರ ಹೆಸರು! ತಿರುಗಿಸಿ ಕೈಗೆ ಕೊಟ್ಟೆ. ಹೊಡೆದುಹಾಕಿ ನನ್ನದು ಬರೆದರು.

ಏಪ್ರಿಲ್ 16, ಬುಧವಾರ, ಸಂಜೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಇವರು ಜೊತೆಗೆ ಬಂದರು. ಬಾಗಿಲ ಹತ್ತಿರ ಅಭ್ಯಾಸಬಲದಿಂದ ಇಬ್ಬರೂ ಎಡವಟ್ಟು ಮಾಡಿದೆವು. ಇವರು ಒಳಗೆ ನುಗ್ಗಿದರು, ನಾನು ಬೆಂಚಿನ ಮೇಲೆ ಕೂತೆ. ಆಮೇಲೆ ಇವರೇ ವಾಪಸ್ ಬಂದು, "ಏಳೇ, ಅದು ನನ್ನ ಜಾಗ" ಅಂದರು.

ಒಳಗೆ ಉದ್ದನೆ ಮೇಜು. ಐದು ಜನ. ಇಷ್ಟು ದೊಡ್ಡ ಕಿಟಕಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಧ್ಯಕ್ಷರು ಫೋಟೋಗಳನ್ನು ಮುಂದೆ ಹರಡಿಕೊಂಡಿದ್ದರು.

"ನೀವು ಎಲ್ಲೂ ಕಾಣೋದೇ ಇಲ್ವಲ್ಲಮ್ಮ."

"ತೆಗೆದವಳು ನಾನು ಸಾರ್."

"ಒಬ್ಬರೇ ಹೇಗೆ ನಿಭಾಯಿಸ್ತೀರಿ?"

"ಹೆರಿಗೆ ಕೋಣೆಯಲ್ಲಿ ನಾನು ಯಾವಾಗ್ಲೂ ಒಬ್ಬಳೇ ಇದ್ದದ್ದು. ಕೀಲಿ ಇಟ್ಕೊಂಡಿರೋ ನನ್ನ ಗೆಳತಿ ಇರ್ತಾಳೆ, ಅಷ್ಟೇ."

ಕರೆ ಯಾರಿಗೆ ಬಂದದ್ದು, ಸೇವಕರಿಗಲ್ಲವೇ ಎಂದು ಒಬ್ಬರು ರಾಗ ಎಳೆದರು. "ದೇವರು ಕರೆದಾಗ ನಾನೂ ಮನೇಲೇ ಇದ್ದೆ ಸಾರ್" ಅಂದೆ. ಆ ಕಾಲು ಮೊದಲು ಬಂದ ಮಗುವಿನ ವಿಷಯ ಹೇಳಿದೆ. ಸತ್ತ ಮಗುವಿನ ವಿಷಯವನ್ನೂ ಹೇಳಿದೆ. ಅಲ್ಲಿ ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ.

ಎಲ್ಲ ಮುಗಿದು ನಾನು ಏಳುತ್ತಿದ್ದೆ. ಸೆಕ್ರೆಟರಿ ಸಾಹೇಬರು ಅದೇ ಹಳೇ ರೂಢಿಯಲ್ಲಿ ಬಾಗಿಲು ಅರ್ಧ ತೆರೆದು, ತಲೆ ಹೊರಗೆ ಹಾಕಿ ಕೇಳಿಯೇ ಕೇಳಿದರು. "ನಿಮಗೂ ಒಪ್ಪಿಗೆ ತಾನೆ?"

ಇವರೇ ಬಾಗಿಲಿಗೆ ಬಂದು ನಿಂತರು. ಬೆವರಿದ್ದರು. ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಒಪ್ಪಿಗೆ ಇಲ್ಲ ಸಾರ್."

ಸೆಕ್ರೆಟರಿ ಸಾಹೇಬರು ಬಾಗಿಲನ್ನು ಪೂರ್ತಿ ತೆರೆದರು.

"ಇವಳು ಹೋದ್ರೆ ನಂಗೆ ಭಯ ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈ ಬೆಂಚ್ ಮೇಲೆ ಇವಳು ಮೂರು ಸಲ ಕೂತಿದ್ಲು. ಆಗ ಇವಳಿಗೂ ಭಯ ಇತ್ತೋ ಏನೋ. ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹೌದು ಅಂದ್ಲು, ನನ್ನ ಜೊತೆ ಬಂದ್ಲು. ಈಗ ನಾನು ಹೌದು ಅಂತೀನಿ. ಕಳಿಸಿ."

ಇಷ್ಟು ವರ್ಷ ಚರ್ಚಿನಲ್ಲಿ ಇವರ ಪ್ರಸಂಗ ಕೇಳಿದ್ದೇನೆ. ಇದಕ್ಕಿಂತ ಚಿಕ್ಕದು ಮಾಡಿಲ್ಲ, ಇದಕ್ಕಿಂತ ಒಳ್ಳೆಯದನ್ನೂ ಮಾಡಿಲ್ಲ. ಬಸ್ ಸ್ಟಾಪಿನಲ್ಲಿ ಜನರೆದುರೇ ಅತ್ತುಬಿಟ್ಟೆ. ನಾನು ಮೂಗು ಸೀಟಿದ ಸದ್ದಿಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಇವರು, "ಅಯ್ಯೋ ಸುಮ್ನಿರೇ, ನಾನೇನೋ ಹೊಡೆದೆ ಅಂದ್ಕೋತಾರೆ" ಅನ್ನುತ್ತ ಕರವಸ್ತ್ರ ಹುಡುಕುತ್ತಿದ್ದರು.

ಏಪ್ರಿಲ್ 22, ಮಂಗಳವಾರ

ಫೋನು ಬಂತು. ಒಪ್ಪಿದ್ದಾರೆ! ನನ್ನ ಹೆಸರಿನಲ್ಲೇ ನೇಮಕ. ಒಂದು ವರ್ಷಕ್ಕೆ. ಇವರು ಇಲ್ಲೇ, ಡಾಕ್ಟರಮ್ಮ ಸರಿ ಅಂದ ಮೇಲೆ ಬರಬಹುದು. ಮಗಳು ನನ್ನ ಜೊತೆ ಬರಬಹುದು. ಕೀಲಿಯಮ್ಮನಿಗೆ ಸಂದೇಶ ಕಳಿಸಿದೆ. ಉತ್ತರದಲ್ಲಿ ಬರೀ ಕೀಲಿಗೊಂಚಲು ಅಲ್ಲಾಡಿಸಿದ ಸದ್ದು.

ಮರಿಯ ಟ್ರಂಕಿಗೆ ಇನ್ನೊಂದು ಜೊತೆ ಶೂ ತಂದೆ.

ಏಪ್ರಿಲ್ 27, ಭಾನುವಾರ

ಮರಿ ತನ್ನ ಟ್ರಂಕಿನ ಮೇಲೆ ಕೂತಿದ್ದಳು. "ಅಮ್ಮ, ಇದನ್ನ ಬಿಚ್ಚೋಣ. ನಾನು ಬರಲ್ಲ."

ತಮಾಷೆ ಅಂದುಕೊಂಡೆ.

"ಅಪ್ಪನ ಹತ್ರ ಇರ್ತೀನಿ. ದೊಡ್ಡಮ್ಮ ಅಂಗಡಿ ಬಿಟ್ಟು ಮೆಟ್ಟಿಲು ಹತ್ತಿ ಬರೋದ್ರೊಳಗೆ ಏನಾದ್ರೂ..." ಮುಗಿಸಲಿಲ್ಲ.

"ಅದು ನಿನ್ನ ಕೆಲಸ ಅಲ್ಲ ಮರಿ. ನೀನು ಬರ್ತೀಯ."

"ಅಲ್ಲಿಗೆ ಬರೋಕೆ ನಂಗೆಷ್ಟು ಆಸೆ ಅಂತ ನಿಂಗೊತ್ತು. ನನ್ನ ಫ್ರೆಂಡ್ಸೆಲ್ಲ ಅಲ್ಲೇ ಇರೋದು. ಆದ್ರೂ ಹೇಳ್ತಿದೀನಿ. ನನ್ನೂ ಒಂದು ಮಾತು ಕೇಳಮ್ಮ. ಟ್ರಂಕ್ ತುಂಬೋಕೆ ಮುಂಚೆ ಕೇಳಿದ್ಯಾ?"

ಕೆನ್ನೆಗೆ ಹೊಡೆದ ಹಾಗಾಯಿತು. ಕೇಳಿರಲಿಲ್ಲ. ಬೋರ್ಡಿನವರ ಮೇಲೆ ಅಷ್ಟು ಸಿಟ್ಟಾದ ನಾನು ಟೇಪು ಹಿಡಿಸಿ ಅಳೆಸಿದೆ, ಕೊಂಡೆ, ತುಂಬಿದೆ. ನಿನಗೂ ಒಪ್ಪಿಗೆ ತಾನೆ ಎಂದು ಸಹ ಕೇಳಲಿಲ್ಲ.

ಇಬ್ಬರೂ ಕೂತು ಟ್ರಂಕು ಬಿಚ್ಚಿದೆವು. ಹದಿನೈದರ ಬಟ್ಟೆ, ಹದಿನಾರರ ಬಟ್ಟೆ. ಒಂದು ವರ್ಷದಲ್ಲಿ ಇವಳು ಎಷ್ಟು ಬೆಳೆಯುತ್ತಾಳೋ, ಅದನ್ನು ನಾನು ನೋಡುವುದಿಲ್ಲ.

ಕೆಳಗೆ ಹೋಗಿ ಅಕ್ಕನಿಗೆ ಹೇಳಿದೆ. "ನಾನು ಹೋಗಲ್ವೇ ಅಕ್ಕ. ಆಗಲ್ಲ ನಂಗೆ."

ಮೆಷಿನ್ ತುಳಿಯುವುದು ನಿಲ್ಲಿಸಿದಳು. "ಹೋಗ್ಬೇಡ ಅಂತ ಹದಿನೈದು ವರ್ಷದಿಂದ ಬಾಯಿ ಬಡ್ಕೊಂಡಿದೀನಿ. ಆವಾಗ ಸೊಪ್ಪು ಹಾಕ್ಲಿಲ್ಲ. ಈವಾಗ ಕೇಳಿದ್ರೆ ಕಾಲು ಮುರೀತೀನಿ. ಆ ಮಗು ನಿಂಗೋಸ್ಕರ ಅಷ್ಟು ದೊಡ್ಡ ಮಾತಾಡಿದೆ, ನೀನಿಲ್ಲಿ ಬಂದು ಮೂಗು ಸುರಿಸ್ತೀಯಾ? ಹೋಗೇ ಜಗಮೊಂಡಿ. ನಾನಿಲ್ವಾ."

ಅವಳ ಕತ್ತರಿ, ಬಟ್ಟೆ ಚೂರಿನ ಮಧ್ಯೆ ಕೂತು ಅತ್ತೆ. ಅವಳೂ ಅತ್ತಳು. ಅಷ್ಟರಲ್ಲಿ ಯೂನಿಫಾರ್ಮಿಗೆ ಯಾರೋ ಬಂದರು, ಇಬ್ಬರೂ ಮುಖ ಒರೆಸಿಕೊಂಡೆವು.

ಮೇ 4, ಭಾನುವಾರ

ಪಾಠ ಶುರು. ಮರಿಗೆ ನಾನು, ನನಗೆ ಇವರು.

ಮರಿಗೆ ನಾಡಿ ಎಣಿಸುವುದು, ಯಾವ ಮಾತ್ರೆ ಯಾವಾಗ, ನಾಲಿಗೆ ಕೆಳಗೆ ಇಡುವುದು ಯಾವುದು, ಯಾವುದಕ್ಕೆ ನನಗೆ ಫೋನು, ಯಾವುದಕ್ಕೆ ಯಾರಿಗೂ ಕಾಯದೆ ಸೀದಾ ಆಸ್ಪತ್ರೆ. ಬೇಗ ಕಲಿಯುತ್ತಾಳೆ. "ಅಪ್ಪ, ಕೈ" ಎಂದು ಮನೆಯಲ್ಲಿ ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುತ್ತಾಳೆ. ಇವರು ಕಂಡಲ್ಲಿ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ.

ನನಗೆ ದೋಣಿಯ ಇಂಜಿನ್. ಭಾವನ ಹಳೇ ಸ್ಕೂಟರಿನ ಪ್ಲಗ್ಗು ಬಿಚ್ಚಿಸಿ, ಉಜ್ಜಿಸಿ, ಮತ್ತೆ ಹಾಕಿಸಿದರು. "ಹಗ್ಗ ಎಳೆಯುವಾಗ ಸಿಟ್ಟು ಮಾಡ್ಕೋಬೇಡ. ಅದಕ್ಕೆ ಗೊತ್ತಾಗುತ್ತೆ." ಇಂಜಿನ್ನಿಗೆ! ನನ್ನ ಸಿಟ್ಟು ಸ್ಕೂಟರಿಗೂ ಗೊತ್ತಾಯಿತು, ಸ್ಟಾರ್ಟೇ ಆಗಲಿಲ್ಲ. ಭಾವ ಬಂದು ನೋಡಿ, ಪೆಟ್ರೋಲ್ ಇಲ್ಲ ಅಂದರು.

ಮೇ 11, ಭಾನುವಾರ

ಕೊನೆಯ ಚರ್ಚು. ಇವರು ಮೈಕು ನನ್ನ ಕೈಗೆ ಕೊಟ್ಟು ತಾವು ಪ್ರೊಜೆಕ್ಟರ್ ಹತ್ತಿರ ಕೂತರು. ಫೋಟೋ ಎಲ್ಲ ಹಿಂದುಮುಂದು. ನಾನು ಹೆರಿಗೆ ಕೋಣೆ ಅಂದರೆ ಪರದೆಯ ಮೇಲೆ ದೋಣಿ. ಜನ ನಕ್ಕರು. ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ ಅನಿಸುತ್ತದೆ. ಅಲೆ ಸೊಂಟದೆತ್ತರ ಇತ್ತು ಎಂದೂ ಹೇಳಿದೆ. ಹಿಂದಿನಿಂದ ಇವರ ಕೆಮ್ಮು.

ಮರಿ ಹಾಡಿದಳು, ನೆಲದ ಮೇಲೆ ನಿಂತು.

ಮೇ 20

ಟ್ರಂಕುಗಳು ಹಡಗಿಗೆ ಹೋದವು. ಇವರಿಗೆ ಎರಡು ದಿನದಿಂದ ನಿದ್ದೆ ಸರಿಯಿಲ್ಲ. ನನಗೂ. ಪರಸ್ಪರ ಹೇಳಿಕೊಂಡಿಲ್ಲ.

ಮೇ 26, ಸೋಮವಾರ

ಡಾಕ್ಟರಮ್ಮನ ಹತ್ತಿರ ಮೂವರೂ ಹೋಗಿ ಬಂದೆವು. ಸದ್ಯಕ್ಕೆ ಪರವಾಗಿಲ್ಲ. ಸದ್ಯಕ್ಕೆ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು. ದಾರಿಯಲ್ಲಿ ಇವರನ್ನು ಕೇಳಿದೆ, ನಿಜ ಹೇಳಿ, ಹೋಗಲಾ?

"ಇಷ್ಟೆಲ್ಲ ಮಾಡಿ ನೀನು ಹೋಗದೆ ಇದ್ರೆ, ನನ್ನ ಕಂಡಾಗೆಲ್ಲ ಮಗು ಕಳ್ಕೊಂಡ ಆ ಹುಡುಗಿ ನೆನಪಾಗ್ತಾಳೆ ನಿಂಗೆ. ನಂಗೆ ಅದು ಬೇಡ ಕಣೇ."

ಕೈ ಹಿಡಿದುಕೊಂಡು ನಡೆದೆವು. ಮರಿ ಹತ್ತು ಹೆಜ್ಜೆ ಮುಂದೆ, ನಾವು ಯಾರೋ ಅನ್ನುವ ಹಾಗೆ.

ಮೇ 28, ಬುಧವಾರ, ಬೆಳಿಗ್ಗೆ

ಕಾರು ಹತ್ತಕ್ಕೆ. ಎಲ್ಲ ಆಗಿದೆ. ಬೆಳಿಗ್ಗೆ ನಾಲ್ವರೂ ಕೂತು ಪ್ರಾರ್ಥನೆ ಮಾಡಿದೆವು, ಭಾವ ಬಾಗಿಲಲ್ಲೇ ನಿಂತಿದ್ದರು. ಇವರು ನನ್ನ ತಲೆ ಮೇಲೆ ಕೈ ಇಟ್ಟು ಕಳಿಸಿಕೊಡುವ ಪ್ರಾರ್ಥನೆ ಶುರು ಮಾಡಿದರು, ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸಿಕೊಂಡರು. ಉಳಿದದ್ದನ್ನು ಅಕ್ಕ ಮುಗಿಸಿದಳು. ದೇವರಿಗೇ ಗದರುವ ಹಾಗಿತ್ತು ಅವಳ ಪ್ರಾರ್ಥನೆ, ಇವಳನ್ನ ನೆಟ್ಟಗೆ ವಾಪಸ್ ತಂದುಬಿಡು ಅಂತ.

ಹೆದರಿಕೆ ಇದೆ. ಹೋಗುತ್ತೇನೆ. ಎರಡೂ ಇದೆ.

ಇನ್ನು ಸ್ವಲ್ಪ ಹೊತ್ತು ಈ ಕಿಟಕಿ ಹತ್ತಿರ ಕೂತು...

ಏನದು ಸದ್ದು? ಮೆಟ್ಟಿಲ ಮೇಲೆ. ದಡ್... ದಡ್... ನನ್ನ ಸೂಟ್‌ಕೇಸು. ಇವರೇ ಇಳಿಸುತ್ತಿದ್ದಾರೆ! ಈ ಮನುಷ್ಯನಿಗೆ ಹೇಳಿ ಹೇಳಿ—

ನಾನು ಏಳುವಷ್ಟರಲ್ಲಿ ಮರಿಯ ಕೂಗು. "ಅಪ್ಪಾ! ಇಡು ಅದನ್ನ! ಅಲ್ಲೇ ಇಡು ಅಂದೆ! ಕೂತ್ಕೋ ಮೆಟ್ಟಿಲ ಮೇಲೆ." ಇವರು ಏನೋ ಗೊಣಗಿದರು. "ಮಾತು ಬೇಡ. ಕೈ ಕೊಡು ಇಲ್ಲಿ."

ಈಗ ಸದ್ದಿಲ್ಲ. ನಾಡಿ ಎಣಿಸುತ್ತಿದ್ದಾಳೆ.

ಅರ್ಧ ಎದ್ದವಳು ಮತ್ತೆ ಕೂತೆ. ಓಡಿಹೋಗಿ ಅವಳ ಕೈಯಿಂದ ಆ ಕೈ ಕಿತ್ತುಕೊಂಡು ನಾನೇ ಎಣಿಸಬೇಕು ಅನ್ನಿಸುತ್ತಿದೆ. ಇಲ್ಲ. ಹೋಗುವುದಿಲ್ಲ. ಹಲ್ಲು ಕಚ್ಚಿ ಕೂತಿದ್ದೇನೆ, ಅಕ್ಷರಗಳೆಲ್ಲ ಸೊಟ್ಟ ಬರುತ್ತಿವೆ. ಅವಳು ಎಣಿಸಲಿ. ಪೂರ್ತಿ ಎಣಿಸಿ ಮುಗಿಸಲಿ. ಆಮೇಲೆ ನಾನು ಇಳಿದು ಹೊರಡುತ್ತೇನೆ.